ವಸಡಿನ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೇಲೆ: ಮೊದಲ ರಾತ್ರಿಯಿಂದ ಮೂರನೇ ತಿಂಗಳವರೆಗೆ

ವಸಡಿನ ಚಿಕಿತ್ಸೆ ಮಾಡಿಸಿಕೊಂಡ ಹೆಚ್ಚಿನವರು ಎರಡನೇ ವಾರಕ್ಕೆ ಹೇಳುವ ಮಾತು ಒಂದೇ. ‘ಕ್ಲೀನ್ ಮಾಡಿಸುವ ಮೊದಲು ಹಲ್ಲು ಗಟ್ಟಿ ಇತ್ತು. ಈಗ ಸಂದಿ ಬಿದ್ದಿದೆ, ಹಲ್ಲು ಉದ್ದ ಕಾಣ್ತದೆ, ತಣ್ಣೀರು ಕುಡಿದರೆ ಜುಮ್ ಅಂತದೆ.’ ಈ ಅನುಮಾನದಲ್ಲೇ ಎಷ್ಟೋ ಜನ ಮುಂದಿನ ಭೇಟಿಗೆ ಹೋಗುವುದಿಲ್ಲ. ಮಾಡಿಸಿದ ಚಿಕಿತ್ಸೆಯೂ ಅಲ್ಲಿಗೆ ವ್ಯರ್ಥವಾಗುತ್ತದೆ.

ಆಗಿರುವುದು ಇಷ್ಟು. ವರ್ಷಗಟ್ಟಲೆ ಕೂತ ಕಿಟ್ಟ ಕಲ್ಲಾಗಿ ಹಲ್ಲಿನ ಸಂದಿಗಳನ್ನು ತುಂಬಿ, ಪಕ್ಕಪಕ್ಕದ ಹಲ್ಲುಗಳನ್ನು ಸಿಮೆಂಟಿನಂತೆ ಹಿಡಿದುಕೊಂಡಿತ್ತು. ಅದರ ಸುತ್ತ ವಸಡು ಬಾತುಕೊಂಡಿತ್ತು. ಒಳಗೆ ಎಲುಬು ಆಗಲೇ ಕರಗಿತ್ತು. ಬಾವು ಅದನ್ನು ಮುಚ್ಚಿತ್ತು ಅಷ್ಟೇ. ಈಗ ಕಲ್ಲು ಹೋಯಿತು, ಬಾವು ಇಳಿಯಿತು, ಬೇರಿನ ಮೇಲ್ಭಾಗ ಹೊರಗೆ ಕಾಣಿಸಿತು. ಸಂದಿ ಹೊಸದಾಗಿ ಹುಟ್ಟಿದ್ದಲ್ಲ. ವಸಡು ಗುಣವಾಗಿ ಹಲ್ಲಿಗೆ ಬಿಗಿಯಾಗಿ ಅಂಟಿಕೊಂಡಂತೆ, ಸ್ವಲ್ಪ ಅಲ್ಲಾಡುವ ಹಲ್ಲು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ಗಟ್ಟಿಯಾಗುವುದುಂಟು. ಅದು ಆಗುವುದು ಬಿಡುವುದು ನೀವು ಮನೆಯಲ್ಲಿ ಏನು ಮಾಡುತ್ತೀರಿ ಎಂಬುದರ ಮೇಲೆ.

ಮೊದಲು, ನಿಮಗೆ ಮಾಡಿದ್ದು ಏನು ಎಂದು ತಿಳಿದುಕೊಳ್ಳಿ

‘ವಸಡಿನ ಟ್ರೀಟ್‌ಮೆಂಟ್’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಕೆಲಸಗಳಿವೆ, ಆರೈಕೆಯೂ ಬೇರೆ ಬೇರೆ. ಡೀಪ್ ಕ್ಲೀನಿಂಗ್ ಎಂದರೆ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್. ವಸಡಿನ ಕೆಳಗಿನ ಬೇರನ್ನು ಕೆರೆದು ನುಣುಪು ಮಾಡುತ್ತಾರೆ, ಹೊಲಿಗೆ ಇರುವುದಿಲ್ಲ. ಫ್ಲಾಪ್ ಸರ್ಜರಿಯಲ್ಲಿ ವಸಡನ್ನು ಬಿಡಿಸಿ, ಒಳಗೆ ಸ್ವಚ್ಛ ಮಾಡಿ, ಮತ್ತೆ ಹೊಲಿಯುತ್ತಾರೆ; ಗಾಯ ಮುಚ್ಚಲು ಮೇಲೆ ಗುಲಾಬಿ ಬಣ್ಣದ ಪ್ಯಾಕ್ ಎಂಬ ಲೇಪ ಮೆತ್ತಿರಬಹುದು. ಗ್ರಾಫ್ಟ್‌ನಲ್ಲಿ ಹೆಚ್ಚಾಗಿ ಅಂಗುಳಿನಿಂದ ಚರ್ಮ ತೆಗೆದು ವಸಡು ಇಳಿದ ಕಡೆ ಕೂರಿಸುತ್ತಾರೆ. ಗಾಯ ಎರಡು ಕಡೆ, ಎಚ್ಚರಿಕೆಯೂ ದುಪ್ಪಟ್ಟು.

ಕುರ್ಚಿಯಿಂದ ಏಳುವ ಮೊದಲು ನಾಲ್ಕು ಪ್ರಶ್ನೆ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ: ಯಾವ ಭಾಗಕ್ಕೆ ಏನು ಮಾಡಿದಿರಿ, ಹೊಲಿಗೆ ತಾನೇ ಕರಗುವುದೋ ತೆಗೆಸಬೇಕೋ, ಆ ಭಾಗಕ್ಕೆ ಬ್ರಷ್ ಯಾವ ದಿನದಿಂದ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡುವುದು. ವಸಡಿನ ತಜ್ಞರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಲ್ಲ ಊರಲ್ಲಿ ದಿನವೂ ಸಿಗುವುದಿಲ್ಲ. ಶಿರಸಿ, ಯಲ್ಲಾಪುರದವರು ಧಾರವಾಡಕ್ಕೆ, ಕಾರವಾರದವರು ಗೋವಾದ ಬಾಂಬೋಳಿಗೆ, ಭಟ್ಕಳದವರು ಮಣಿಪಾಲಕ್ಕೆ ದಂತ ಕಾಲೇಜು ಹುಡುಕಿ ಹೋಗುವುದೇ ಹೆಚ್ಚು. ದೂರ ಹೋಗುವವರಿಗೆ ಈ ಚೀಟಿ ಬೇಕೇ ಬೇಕು. ಹೊಲಿಗೆ ತೆಗೆಸುವುದು ಸಾಮಾನ್ಯವಾಗಿ 7ರಿಂದ 14 ದಿನದೊಳಗೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಬಂದ್ ಆಗುತ್ತದೆಂದು ಹೇಳಲಾಗದು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ನಿಂತಿತ್ತು. ಹೊಲಿಗೆಯ ಚಿಕಿತ್ಸೆ ಮುಂದೂಡಬಹುದಾದದ್ದಾದರೆ ಜೂನ್–ಆಗಸ್ಟ್ ಬಿಟ್ಟು ಇಟ್ಟುಕೊಳ್ಳಿ. ಆಗದಿದ್ದರೆ, ಊರಲ್ಲೇ ಹೊಲಿಗೆ ತೆಗೆದುಕೊಡುವ ದಂತವೈದ್ಯರನ್ನು ಮೊದಲೇ ಮಾತಾಡಿಸಿ ಇಟ್ಟುಕೊಳ್ಳಿ.

ಮೊದಲ 24 ಗಂಟೆ

ಇಂಜೆಕ್ಷನ್ನಿನ ಜೋಮು ಎರಡರಿಂದ ನಾಲ್ಕು ತಾಸು ಇರುತ್ತದೆ. ಅದು ಬಿಡುವವರೆಗೆ ಏನನ್ನೂ ಜಗಿಯಬೇಡಿ, ಬಿಸಿ ಚಹಾ ಕುಡಿಯಬೇಡಿ. ತುಟಿ ಕಚ್ಚಿಕೊಂಡರೂ ನಾಲಿಗೆ ಸುಟ್ಟರೂ ಆಗ ಗೊತ್ತಾಗುವುದಿಲ್ಲ.

ಜೊಲ್ಲು ತೆಳುಗೆಂಪಾಗಿರುವುದು ಒಂದು ದಿನದ ಮಟ್ಟಿಗೆ ಸಹಜ. ಒಂದು ಹನಿ ರಕ್ತ ಬಾಯಿ ತುಂಬ ಜೊಲ್ಲನ್ನು ಕೆಂಪು ಮಾಡುತ್ತದೆ, ನೋಡಿದ ಕೂಡಲೇ ಗಾಬರಿಯಾಗಬೇಡಿ. ನಿಜವಾಗಿ ಜಿನುಗುತ್ತಿದ್ದರೆ ಶುದ್ಧ ಗಾಜ್ ತುಂಡನ್ನು ಕುಡಿಯುವ ನೀರಲ್ಲಿ ಅದ್ದಿ ಹಿಂಡಿ, ಆ ಜಾಗಕ್ಕೆ ಒತ್ತಿ, ಗಡಿಯಾರ ನೋಡಿ 20 ನಿಮಿಷ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ, ಲೆಕ್ಕ ಮತ್ತೆ ಮೊದಲಿನಿಂದ ಶುರು. ಹತ್ತಿ ಇಡಬೇಡಿ, ಅದರ ಎಳೆ ಗಾಯಕ್ಕೆ ಅಂಟುತ್ತದೆ. ಅಂಗುಳಿನ ಗಾಯಕ್ಕೂ ಇದೇ ಕ್ರಮ.

ಹೊಲಿಗೆ ಹಾಕಿದ್ದರೆ ಆ ದಿನ ಜೋರಾಗಿ ಬಾಯಿ ಮುಕ್ಕಳಿಸುವುದು, ಉಗುಳುವುದು, ಸ್ಟ್ರಾ ಹಾಕಿ ಎಳನೀರು ಹೀರುವುದು ಬೇಡ. ಎಳನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯಿರಿ. ಬಾಯಲ್ಲಿ ಒತ್ತಡ ಹುಟ್ಟಿಸುವ ಕೆಲಸಗಳೆಲ್ಲ ಇದೇ ಪಟ್ಟಿಗೆ ಸೇರುತ್ತವೆ. ಶಂಖ ಊದುವವರು, ಭಾಗವತಿಕೆ ಮಾಡುವವರು, ಮೌರಿ ನುಡಿಸುವವರು ಗ್ರಾಫ್ಟ್ ಆದ ಮೇಲೆ ಎರಡು ವಾರವಾದರೂ ಬಿಡುವು ತೆಗೆದುಕೊಳ್ಳಬೇಕು. ಯಕ್ಷಗಾನ ಮೇಳದಲ್ಲಿ ಇರುವವರು ತಿರುಗಾಟ ಮುಗಿದ ಮೇಲೆ ದಿನ ಗೊತ್ತು ಮಾಡುವುದೇ ಒಳ್ಳೆಯದು.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಯ ಹೊರಗಿನಿಂದ 15 ನಿಮಿಷ ಇಡಿ, 15 ನಿಮಿಷ ಬಿಡಿ. ಮೊದಲ ದಿನವಷ್ಟೇ ಇದರ ಉಪಯೋಗ ಹೆಚ್ಚು. ಮಲಗುವಾಗ ಇನ್ನೊಂದು ದಿಂಬು ಹಾಕಿ ತಲೆ ಎತ್ತರಿಸಿ. ಫ್ಲಾಪ್ ಸರ್ಜರಿಯ ಊತ ಎರಡು–ಮೂರನೇ ದಿನ ಹೆಚ್ಚಿ ಆಮೇಲೆ ಇಳಿಯುತ್ತದೆ. ಎರಡನೇ ದಿನ ಮುಖ ದಪ್ಪ ಕಂಡರೆ ಸೋಂಕು ಎಂದುಕೊಳ್ಳಬೇಕಿಲ್ಲ.

ಮಾತ್ರೆಗಳು

ನೋವಿನ ಮಾತ್ರೆಯನ್ನು ಜೋಮು ಪೂರ್ತಿ ಬಿಡುವ ಮುಂಚೆಯೇ, ಏನಾದರೂ ತಿಂದು, ಬರೆದುಕೊಟ್ಟ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇರುವವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು ಐಬುಪ್ರೊಫೇನ್ ಜಾತಿಯ ಮಾತ್ರೆಯನ್ನು ಕೇಳದೆ ನುಂಗಬಾರದು. ಹೃದಯಕ್ಕಾಗಿ ಕೊಟ್ಟ ಆಸ್ಪಿರಿನ್, ಕ್ಲೋಪಿಡೊಗ್ರೆಲ್‌ಗಳನ್ನು ರಕ್ತ ಬರುತ್ತದೆಂದು ನೀವಾಗಿಯೇ ನಿಲ್ಲಿಸಲೂ ಬಾರದು. ವಸಡಿನ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು, ಹೃದಯಾಘಾತವನ್ನು ಹಾಗೆ ನಿಲ್ಲಿಸಲಾಗದು.

ಮೆಟ್ರೊನಿಡಜೋಲ್ ಕೊಟ್ಟಿದ್ದರೆ ಮಾತ್ರೆ ಮುಗಿದು ಮೂರು ದಿನದವರೆಗೂ ಫೆನಿ, ಬಿಯರ್ ಯಾವುದೂ ಬೇಡ. ವಾಂತಿ, ತಲೆನೋವು, ಎದೆಬಡಿತ ಹತ್ತಿಕೊಳ್ಳಬಹುದು. ಆ್ಯಂಟಿಬಯಾಟಿಕ್ ಕೊಡದಿದ್ದರೆ ‘ಯಾಕೆ ಕೊಡಲಿಲ್ಲ’ ಎಂದು ಅಂಗಡಿಯಿಂದ ತಂದು ನುಂಗಬೇಡಿ. ಡೀಪ್ ಕ್ಲೀನಿಂಗ್ ಆದ ಎಲ್ಲರಿಗೂ ಅದು ಬೇಕಾಗುವುದಿಲ್ಲ.

ಸಕ್ಕರೆ ಕಾಯಿಲೆಯವರು ಒಂದು ವಿಷಯ ಮರೆಯಬಾರದು. ಬಾಯಿ ನೋವೆಂದು ಊಟ ಬಿಟ್ಟು, ಸಕ್ಕರೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಅಂಶ ಕುಸಿದು ಬೆವರಿ ನಡುಗಬೇಕಾಗುತ್ತದೆ. ಚಿಕಿತ್ಸೆಗೆ ಮೊದಲೇ ಪ್ರಮಾಣದ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ಊಟ

ಗಂಜಿಯ ನಾಡಿನಲ್ಲಿ ಮೆತ್ತಗಿನ ಊಟಕ್ಕೆ ಬರವಿಲ್ಲ. ಕುಚಲಕ್ಕಿ ಗಂಜಿಯನ್ನು ಚೆನ್ನಾಗಿ ಬೇಯಿಸಿ, ಉಗುರುಬೆಚ್ಚಗೆ ಆರಿಸಿ, ತುಪ್ಪ ಹಾಕಿ ಉಣ್ಣಿ. ಬರೀ ಗಂಜಿಯಾದರೆ ಪಿಷ್ಟವೇ ಹೆಚ್ಚು, ಗಾಯ ಮಾಯಲು ಬೇಕಾದ ಪ್ರೋಟೀನ್ ಕಡಿಮೆ. ಜೊತೆಗೆ ತೊವ್ವೆ, ಮೊಸರು, ಮೆತ್ತಗಿನ ಮೊಟ್ಟೆ ಇರಲಿ. ತಂಬುಳಿ ಒಳ್ಳೆಯದು, ಒಗ್ಗರಣೆಯ ಸಾಸಿವೆ ಮೆಣಸನ್ನು ಬದಿಗೆ ತೆಗೆಯಿರಿ. ಸಾಸಿವೆ ಕಾಳು ಹೊಲಿಗೆಯ ಅಡಿಗೆ ಹೋಗಿ ಕೂತರೆ ತೆಗೆಯುವುದು ಸುಲಭವಲ್ಲ. ತೆಳ್ಳೇವನ್ನು (ತೆಳು ದೋಸೆ) ಗರಿಗರಿಯಾಗುವ ಮೊದಲೇ ಇಳಿಸಿ ಹಾಲಲ್ಲೋ ಸಾರಲ್ಲೋ ನೆನೆಸಿ ತಿನ್ನಬಹುದು.

ಮೀನು ತಿನ್ನುವವರು ಇಸವಣದಂಥ ದೊಡ್ಡ ಮುಳ್ಳಿನ ಮೀನನ್ನು ಬೇಯಿಸಿ, ಬೆರಳಲ್ಲಿ ಬಿಡಿಸಿ ನೋಡಿ ತಿನ್ನಿ. ತಾರ್ಲೆ, ಬಂಗಡೆಯ ಸಣ್ಣ ಮುಳ್ಳು ಎರಡು ವಾರ ಬೇಡ. ಬೆಳಚಿನಲ್ಲಿ (ಚಿಪ್ಪುಮೀನು) ಎಷ್ಟು ತೊಳೆದರೂ ಒಂದೆರಡು ಮರಳಿನ ಕಾಳು ಉಳಿಯುತ್ತದೆ, ಅದನ್ನೂ ಬಿಡಿ. ಹಲಸಿನ ಹಪ್ಪಳ, ಚಕ್ಕುಲಿ, ತೊಡೆದೇವು, ಅವಲಕ್ಕಿ ಚೂಡ ಎಲ್ಲ ಒಣಚೂರಾಗಿ ವಸಡಿನೊಳಗೆ ನುಗ್ಗುವಂಥವು.

ಅಪ್ಪೆಹುಳಿ, ಮುರುಗಲ ಪಾನಕ, ಕರಾವಳಿಯವರ ಬಿರಿಂಡೆ (ಕೋಕಂ) ಕಡಿ ಇವು ಹುಳಿ. ಗಾಯಕ್ಕೆ ಉರಿ ಕೊಡುವುದಷ್ಟೇ ಅಲ್ಲ, ತೆರೆದುಕೊಂಡ ಬೇರಿನ ಮೇಲ್ಮೈಯನ್ನು ಮೆತ್ತಗಾಗಿಸಿ ಜುಮ್ಮೆನ್ನುವುದನ್ನು ಹೆಚ್ಚಿಸುತ್ತವೆ. ಗಾಯ ಮಾಯ್ದ ಮೇಲೆ ಊಟದ ಜೊತೆ ಕುಡಿಯಿರಿ, ಗುಟುಕು ಗುಟುಕಾಗಿ ದಿನವಿಡೀ ಬೇಡ. ಹುಳಿ ಕುಡಿದ ಬೆನ್ನಿಗೇ ಬ್ರಷ್ ಮಾಡದೆ ನೀರು ಮುಕ್ಕಳಿಸಿ ಅರ್ಧ ತಾಸು ಬಿಡಿ.

ಬಾಯಿ ತೊಳೆಯುವುದು

24 ತಾಸಿನ ನಂತರ ಒಂದು ದೊಡ್ಡ ಲೋಟ, ಅಂದರೆ ಸುಮಾರು 240 ಮಿ.ಲೀ. ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಕರಗಿಸಿ, ದಿನಕ್ಕೆ ಮೂರು–ನಾಲ್ಕು ಸಲ, ಊಟದ ನಂತರ. ತಲೆ ಅತ್ತಿತ್ತ ಓಲಿಸಿ ನೀರನ್ನು ಗಾಯದ ಮೇಲೆ ಆಡಿಸಿ, ಬಾಯಿಂದ ಜಾರಲು ಬಿಡಿ. ಉಪ್ಪು ಹೆಚ್ಚಾದರೆ ಗುಣ ಹೆಚ್ಚಾಗುವುದಿಲ್ಲ, ಚರ್ಮ ಉರಿಯುತ್ತದೆ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟಿದ್ದರೆ, 0.2 ಶೇಕಡದ್ದಾದರೆ ಸಾಮಾನ್ಯ ಕ್ರಮ ಬೆಳಿಗ್ಗೆ ರಾತ್ರಿ 10 ಮಿ.ಲೀ., ಒಂದು ನಿಮಿಷ. ಉಗುಳಿದ ಮೇಲೆ ನೀರು ಹಾಕಬೇಡಿ, ಅರ್ಧ ತಾಸು ಏನೂ ತಿನ್ನಬೇಡಿ. ಟೂತ್‌ಪೇಸ್ಟಿನಲ್ಲಿರುವ ನೊರೆ ಬರಿಸುವ ಅಂಶ ಈ ಔಷಧದ ಬಲವನ್ನು ಕುಂದಿಸುತ್ತದೆ, ಆದ್ದರಿಂದ ಎರಡರ ನಡುವೆ ಅರ್ಧ ತಾಸಾದರೂ ಅಂತರ ಬೇಕು. ಹತ್ತು ದಿನಕ್ಕೆ ಹಲ್ಲು ಕಂದು ಬಣ್ಣಕ್ಕೆ ತಿರುಗುವುದು, ನಾಲಿಗೆಗೆ ರುಚಿ ಬದಲಾಗುವುದು ಇದರ ಗುಣ. ಚಹಾ ಕಾಫಿ ಕುಡಿದಷ್ಟೂ ಕಲೆ ಜಾಸ್ತಿ. ಆ ಕಲೆ ಮೇಲ್ಮೈಯದು, ಪಾಲಿಶ್ ಮಾಡಿದರೆ ಹೋಗುತ್ತದೆ. ಇದನ್ನು ಎರಡು ವಾರಕ್ಕೆಂದು ಕೊಟ್ಟರೆ ಎರಡೇ ವಾರ. ಬ್ರಷ್ ಬದಲಿಗೆ ವರ್ಷವಿಡೀ ಮೌತ್‌ವಾಶ್ ಬಳಸುವವರ ವಸಡು ಸುಧಾರಿಸುವುದಿಲ್ಲ, ಏಕೆಂದರೆ ಅಂಟಿ ಕೂತ ಲೋಳೆ ಪದರವನ್ನು ದ್ರವ ಕಿತ್ತು ತೆಗೆಯಲಾರದು.

ಲವಂಗದ ಎಣ್ಣೆಯನ್ನು ನೇರವಾಗಿ ಗಾಯಕ್ಕೆ ಹಚ್ಚಬೇಡಿ, ಚರ್ಮ ಸುಡುತ್ತದೆ. ಇದ್ದಿಲ ಪುಡಿ, ಉಪ್ಪಿನ ಪುಡಿ ಹಾಕಿ ಉಜ್ಜುವುದು ತೆರೆದ ಬೇರನ್ನು ಸವೆಸುತ್ತದೆ. ಮಶೇರಿಯಂತೂ ಹೊಗೆಸೊಪ್ಪೇ, ಹಲ್ಲುಪುಡಿಯ ವೇಷದಲ್ಲಿ.

ಬ್ರಷ್

ಡೀಪ್ ಕ್ಲೀನಿಂಗ್ ಅಷ್ಟೇ ಆಗಿದ್ದರೆ ಅದೇ ರಾತ್ರಿಯಿಂದ ಮೃದು ಬ್ರಷ್ ಹಿಡಿಯಬೇಕು. ನೋವೆಂದು ನಾಲ್ಕು ದಿನ ಬಿಟ್ಟರೆ ಹೊಸ ಪದರ ಕೂತೇ ಬಿಡುತ್ತದೆ. ಅದು ಗಟ್ಟಿಯಾಗಿ ಕಿಟ್ಟವಾಗಲು ಒಂದೆರಡು ದಿನದಲ್ಲೇ ಶುರುಮಾಡುತ್ತದೆ. ಹೊಲಿಗೆ ಇರುವ ಜಾಗಕ್ಕೆ ಮಾತ್ರ, ಅದು ತೆಗೆಯುವವರೆಗೆ, ಸುಮಾರು 7–14 ದಿನ, ಬ್ರಷ್ ತಾಗಿಸಬಾರದು. ಉಳಿದ ಹಲ್ಲುಗಳಿಗೆ ರಜೆ ಇಲ್ಲ. ಪ್ಯಾಕಿನ ತುಂಡು ಬಿದ್ದರೆ ಚಿಂತೆಯಿಲ್ಲ. ಪೂರ್ತಿ ಬಿದ್ದು ನೋವಾಗುತ್ತಿದ್ದರೆ ಫೋನ್ ಮಾಡಿ. ಗಾಯದ ಮೇಲೆ ಬಿಳಿ–ಹಳದಿ ಪೊರೆ ಕಾಣಿಸುವುದು ಕೀವಲ್ಲ, ಮಾಯುವಾಗ ಬರುವ ರಕ್ಷಣೆಯ ಪದರ. ಅದನ್ನು ಉಗುರಲ್ಲಿ ಕೆರೆಯುವವರಿದ್ದಾರೆ, ದಯವಿಟ್ಟು ಮಾಡಬೇಡಿ.

ಹೊಲಿಗೆ ತೆಗೆದ ಮೇಲೆ ಉಜ್ಜುವ ಕ್ರಮ:

1. ಎಕ್ಸ್ಟ್ರಾ ಸಾಫ್ಟ್ ಬ್ರಷ್, ಬಟಾಣಿ ಗಾತ್ರದಷ್ಟು ಫ್ಲೋರೈಡ್ ಪೇಸ್ಟ್. ಬ್ರಷ್ಷನ್ನು ಮುಷ್ಟಿಯಲ್ಲಲ್ಲ, ಪೆನ್ನಿನಂತೆ ಬೆರಳಲ್ಲಿ ಹಿಡಿಯಿರಿ. ಮುಷ್ಟಿ ಹಿಡಿದರೆ ಒತ್ತಡ ತಾನಾಗಿ ಹೆಚ್ಚುತ್ತದೆ.

2. ಎಳೆಗಳನ್ನು 45 ಡಿಗ್ರಿ ಓರೆಯಾಗಿ, ಹಲ್ಲು ವಸಡು ಸೇರುವ ಗೆರೆಗೆ ಇಡಿ. ಕೆಳದವಡೆಯಲ್ಲಿ ಓರೆ ಕೆಳಮುಖ, ಮೇಲ್ದವಡೆಯಲ್ಲಿ ಮೇಲ್ಮುಖ.

3. ಬ್ರಷ್ ಜಾಗ ಬಿಟ್ಟು ಸರಿಯದಂತೆ, ಎರಡೇ ಹಲ್ಲಿನ ಮೇಲೆ, ಹತ್ತು–ಹದಿನೈದು ಸಲ ಸಣ್ಣಗೆ ನಡುಗಿಸಿ. ಆಮೇಲೆ ಹಲ್ಲಿನ ತುದಿಯ ಕಡೆಗೆ ಉರುಳಿಸಿ, ಮುಂದಿನ ಎರಡಕ್ಕೆ ಹೋಗಿ.

4. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ. ಕಿಟ್ಟ ಮೊದಲು ಕೂರುವುದು ಇಲ್ಲೇ, ಏಕೆಂದರೆ ನಾಲಿಗೆ ಅಡಿಯ ಜೊಲ್ಲು ಗ್ರಂಥಿ ಅಲ್ಲೇ ತೆರೆದುಕೊಳ್ಳುತ್ತದೆ.

5. ಕೊನೆಯ ದವಡೆ ಹಲ್ಲಿನ ಹಿಂಬದಿ. ಬಾಯಿ ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಬ್ರಷ್ ಒಳಗೆ ಹೋಗುತ್ತದೆ.

ಪೇಸ್ಟ್ ಉಗುಳಿ, ನೀರು ಹಾಕಿ ತೊಳೆಯದಿದ್ದರೆ ಫ್ಲೋರೈಡ್ ಹೆಚ್ಚು ಹೊತ್ತು ಇರುತ್ತದೆ. ಎಳೆಗಳು ಮೂರು ತಿಂಗಳಿಗೆ ಮೊದಲೇ ಬಾಗಿದ್ದರೆ ನೀವು ಒತ್ತುತ್ತಿದ್ದೀರಿ ಎಂದರ್ಥ. ಮಳೆಗಾಲದಲ್ಲಿ ಬಚ್ಚಲಲ್ಲಿ ಬ್ರಷ್ ಒಣಗುವುದೇ ಇಲ್ಲ; ಮುಚ್ಚಳ ಹಾಕದೆ ಗಾಳಿಯಾಡುವ ಕಡೆ ನಿಲ್ಲಿಸಿ.

ಸಂದಿಯ ಬ್ರಷ್: ಉಳಿದೆಲ್ಲಕ್ಕಿಂತ ಮುಖ್ಯ

ವಸಡಿನ ರೋಗ ಹುಟ್ಟುವುದು ಬಹುಪಾಲು ಎರಡು ಹಲ್ಲುಗಳ ನಡುವೆ, ಮಾಮೂಲಿ ಬ್ರಷ್ ತಲುಪದ ಕಡೆ. ಸಂದಿ ತೆರೆದುಕೊಂಡಿದ್ದರೆ ಹಲ್ಲುಸಂದಿಯ ದಾರಕ್ಕಿಂತ (ಫ್ಲಾಸ್) ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಷ್ ವಾಸಿ. ಬೇರಿನ ತಗ್ಗುಗಳಲ್ಲಿ ದಾರ ಮೇಲೆ ತೇಲಿ ಹೋಗುತ್ತದೆ, ಎಳೆಗಳು ಒಳಗೆ ಇಳಿಯುತ್ತವೆ. ಬಿಗಿಯಾದ ಮುಂದಿನ ಸಂದಿಗಳಿಗೆ ದಾರವೇ ಸರಿ: ಮೊಳದಷ್ಟು ತೆಗೆದುಕೊಂಡು, ಹಲ್ಲಿಗೆ ಸುತ್ತಿದಂತೆ ಬಳಸಿ, ಮೇಲೆ ಕೆಳಗೆ.

ಅಳತೆ ತಪ್ಪುವುದೇ ಇಲ್ಲಿನ ದೊಡ್ಡ ತಪ್ಪು. ತಂತಿ ಹಲ್ಲಿಗೆ ಉಜ್ಜಿದರೆ ದಪ್ಪ ಹೆಚ್ಚಾಯಿತು. ಏನೂ ತಾಗದೆ ಸಲೀಸಾಗಿ ಹೋದರೆ ಸಣ್ಣದಾಯಿತು. ಎಳೆಗಳು ಎರಡೂ ಹಲ್ಲಿಗೆ ತಾಗಿ ಸ್ವಲ್ಪ ಬಿಗಿಯಾಗಿ ಹೋಗಬೇಕು. ಒಂದೇ ಬಾಯಿಗೆ ಎರಡು ಮೂರು ಅಳತೆ ಬೇಕಾಗುವುದು ಸಾಮಾನ್ಯ. ದಂತವೈದ್ಯರಿಂದ ಕನ್ನಡಿ ಮುಂದೆ ಅಳತೆ ಗೊತ್ತು ಮಾಡಿಸಿಕೊಂಡು, ಆ ಅಳತೆಯ ಬ್ರಷ್ಷಿನ ಬಣ್ಣ ಬರೆದಿಟ್ಟುಕೊಳ್ಳಿ. ಸಂದಿಗೆ ತೂರಿಸಿ ಎರಡು–ಮೂರು ಸಲ ಹಿಂದೆ ಮುಂದೆ ಆಡಿಸಿ, ತೊಳೆದು, ಮುಂದಿನ ಸಂದಿ. ಪೇಸ್ಟ್ ಬೇಡ. ದಿನಕ್ಕೊಮ್ಮೆ, ರಾತ್ರಿ. ಫ್ಲಾಪ್ ಆದವರು ಎರಡು–ನಾಲ್ಕು ವಾರದ ನಂತರ, ಗ್ರಾಫ್ಟ್ ಆದವರು ಇನ್ನೂ ತಡವಾಗಿ, ಹೇಳಿದ ಮೇಲೆಯೇ ಶುರುಮಾಡಿ.

ಮೊದಲ ವಾರ ರಕ್ತ ಬರುತ್ತದೆ. ‘ಚುಚ್ಚಿ ಗಾಯ ಆಯ್ತು’ ಎಂದು ಅಲ್ಲೇ ನಿಲ್ಲಿಸುವವರೇ ಹೆಚ್ಚು. ರಕ್ತ ಬರುವುದು ಅಲ್ಲಿ ಉರಿಯೂತ ಇರುವುದರಿಂದ. ದಿನವೂ ಸ್ವಚ್ಛ ಮಾಡಿದರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆಮೇಲೂ ಒಂದೇ ಸಂದಿಯಲ್ಲಿ ರಕ್ತ ಬರುತ್ತಿದ್ದರೆ ಆ ಸಂದಿಯ ಜಾಗ ಬರೆದಿಟ್ಟು ವೈದ್ಯರಿಗೆ ತೋರಿಸಿ, ಒಳಗೆ ಕಿಟ್ಟದ ಚೂರು ಉಳಿದಿರಬಹುದು. ಹಿಡಿಕಡ್ಡಿ, ಪಿನ್ನು, ಬೆಂಕಿಕಡ್ಡಿ ಇವುಗಳಿಂದ ಚುಚ್ಚುವುದು ಸ್ವಚ್ಛತೆಯಲ್ಲ, ಸಂದಿಯ ವಸಡನ್ನು ಶಾಶ್ವತವಾಗಿ ಕೆಳಗಿಳಿಸುವ ದಾರಿ.

ಜುಮ್ಮೆನ್ನುವುದಕ್ಕೆ: ಪೊಟ್ಯಾಶಿಯಂ ನೈಟ್ರೇಟ್ ಇರುವ ಪೇಸ್ಟಿನಿಂದ ದಿನಕ್ಕೆರಡು ಸಲ ಉಜ್ಜಿ, ರಾತ್ರಿ ಅದನ್ನೇ ಬೆರಳಲ್ಲಿ ಬೇರಿನ ಮೇಲೆ ಸವರಿ ಬಿಡಿ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ನಾಲ್ಕೇ ದಿನಕ್ಕೆ ಪೇಸ್ಟ್ ಬದಲಿಸಿದರೆ ಯಾವುದೂ ಕೆಲಸ ಮಾಡದು.

ಕವಳ

ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಚಿಕಿತ್ಸೆ ಆದ ಬಾಯಿಗೆ ಕವಳ, ಅಂದರೆ ಎಲೆ ಅಡಿಕೆ, ಮೂರು ರೀತಿಯಲ್ಲಿ ಕೆಡಕು. ಅಡಿಕೆ ಚೂರು ಗಾಯದಲ್ಲಿ ಸಿಕ್ಕಿಕೊಳ್ಳುತ್ತದೆ. ಸುಣ್ಣ ಹಸಿ ಚರ್ಮವನ್ನು ಸುಡುತ್ತದೆ. ತಂಬಾಕು ವಸಡಿನ ರಕ್ತನಾಳವನ್ನು ಕುಗ್ಗಿಸಿ ಮಾಯುವುದನ್ನು ತಡೆಯುತ್ತದೆ. ಬೀಡಿ ಸೇದುವವರ ವಸಡಿನಲ್ಲಿ ರಕ್ತ ಬರುವುದು ಕಡಿಮೆ, ಹಾಗಾಗಿ ‘ನನ್ನ ವಸಡು ಚೆನ್ನಾಗಿದೆ’ ಎಂಬ ಭ್ರಮೆ. ಒಳಗೆ ಎಲುಬು ಕರಗುತ್ತಲೇ ಇರುತ್ತದೆ. ಬೀಡಿ ಬಿಟ್ಟ ಕೆಲವು ವಾರಕ್ಕೆ ರಕ್ತ ಹೆಚ್ಚು ಕಂಡರೆ ಅದು ಮುಚ್ಚಿಟ್ಟಿದ್ದು ಹೊರಗೆ ಬಂದದ್ದು.

ಹೊಗೆಸೊಪ್ಪಿಲ್ಲದ ಬರೀ ಎಲೆ ಅಡಿಕೆಯೂ ನಿರಪಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆ ಜಗಿಯುವುದನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಕೆನ್ನೆಯ ಒಳಚರ್ಮ ಬಿಗಿದು ಬಾಯಿ ತೆರೆಯದಂತಾಗುವ ಕಾಯಿಲೆಗೂ ಅಡಿಕೆಯೇ ಕಾರಣ. ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಈ ವಾರವೇ ತೋರಿಸಿ. ಬಾಯಿ ತೆರೆಯದವರಿಗೆ ದವಡೆಯ ಹಿಂಬದಿಗೆ ಬ್ರಷ್ಷೂ ಹೋಗುವುದಿಲ್ಲ.

ಕನಿಷ್ಠ ಎರಡು ವಾರ ಪೂರ್ತಿ ಬಂದ್ ಮಾಡಿ. ಸುಗ್ಗಿಯಲ್ಲಿ, ರಾತ್ರಿ ಅಡಿಕೆ ಸುಲಿಯುವ ಅಂಗಳದಲ್ಲಿ ಕೂತಾಗ ಕೈ ತಾನಾಗಿ ಬಟ್ಟಲಿಗೆ ಹೋಗುತ್ತದೆ. ಏಲಕ್ಕಿ ಒಂದೆರಡು ಕಿಸೆಯಲ್ಲಿಟ್ಟುಕೊಳ್ಳಿ, ಗಾಯವಿಲ್ಲದ ಬದಿಯಲ್ಲಿ ಇಡೀ ಏಲಕ್ಕಿ ಬಾಯಲ್ಲಿಟ್ಟುಕೊಂಡರೆ ಸಾಕು, ಜಗಿಯುವುದು ಬೇಡ. ಎರಡು ವಾರ ಬಿಟ್ಟವರಿಗೆ ಮುಂದಿನದು ಸುಲಭ. ತಂಬಾಕು ಬಿಡಲು ನೆರವು ಬೇಕಾದರೆ ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ.

ಯಾವಾಗ ಕಾಯಬಾರದು

20 ನಿಮಿಷದಂತೆ ಎರಡು ಸಲ ಒತ್ತಿ ಹಿಡಿದರೂ ನಿಲ್ಲದ ರಕ್ತ, ಮೂರನೇ ದಿನದ ನಂತರ ಇಳಿಯದೆ ಏರುವ ಊತ, ಕೀವು, ಮಾತ್ರೆಯಿಂದ ಮೈಮೇಲೆ ಗಂದೆ, ಮರುದಿನವೂ ಬಿಡದ ಜೋಮು. ಇವಕ್ಕೆ ಅದೇ ದಿನ ಫೋನ್. ನುಂಗಲು, ಉಸಿರಾಡಲು ಕಷ್ಟ, ಗದ್ದದ ಅಡಿ ಗಟ್ಟಿ ಊತ ಎಂದರೆ ಹಲ್ಲಿನ ವೈದ್ಯರಿಗೂ ಕಾಯದೆ ತುರ್ತು ವಿಭಾಗಕ್ಕೆ.

ನಮ್ಮ ಕಡೆಗೆ ಇನ್ನೊಂದು ಮಾತು ಸೇರಿಸಬೇಕು. ಜ್ವರದ ಜೊತೆ ಎಲ್ಲ ಕಡೆಯ ವಸಡಿನಿಂದ ರಕ್ತ ಬಂದರೆ ಚಿಕಿತ್ಸೆಯದೇ ತಪ್ಪು ಎಂದು ಕೂರಬೇಡಿ. ಮಳೆಗಾಲದಲ್ಲಿ ಡೆಂಗಿ ಇರಬಹುದು. ಡಿಸೆಂಬರಿನಿಂದ ಮೇವರೆಗೆ, ಕಾಡಿಗೆ ಸೊಪ್ಪು ದರಕಿಗೆ (ಒಣ ಎಲೆ) ಹೋಗುವ ಸಿದ್ದಾಪುರ, ಹೊನ್ನಾವರದ ಕಡೆಯವರಿಗೆ ಮಂಗನ ಕಾಯಿಲೆಯೂ ಇರಬಹುದು. ಐಬುಪ್ರೊಫೇನ್ ನಿಲ್ಲಿಸಿ, ರಕ್ತ ಪರೀಕ್ಷೆಗೆ ಆಸ್ಪತ್ರೆಗೆ ಹೋಗಿ.

ನಾಲ್ಕನೇ ವಾರದಿಂದ ಮುಂದೆ

ನಾಲ್ಕರಿಂದ ಆರು ವಾರಕ್ಕೆ ಮರುಪರೀಕ್ಷೆ. ಅಲ್ಲಿ ಹಲ್ಲು–ವಸಡಿನ ನಡುವಿನ ಜೇಬಿನ ಆಳವನ್ನು ಕಡ್ಡಿಯಿಂದ ಅಳೆಯುತ್ತಾರೆ. 1–3 ಮಿ.ಮೀ. ಆರೋಗ್ಯದ ಲಕ್ಷಣ. 4 ಮಿ.ಮೀ. ಇದ್ದು ರಕ್ತ ಬರುತ್ತಿದ್ದರೆ ಅಥವಾ 5, 6 ಮಿ.ಮೀ. ಉಳಿದಿದ್ದರೆ ಮತ್ತೆ ಕೆಲಸವಿದೆ. ಅಂಕಿಗಳನ್ನು ಬಾಯಿ ಬಿಟ್ಟು ಕೇಳಿ, ಮೊದಲಿನ ಅಂಕಿಯ ಪಕ್ಕ ಬರೆಸಿಕೊಳ್ಳಿ. ‘ಚೆನ್ನಾಗಿದೆ’ ಎಂಬ ಮಾತಿಗಿಂತ ಆರು ಇದ್ದದ್ದು ನಾಲ್ಕಾಯಿತು ಎಂಬುದು ಹೆಚ್ಚು ಹೇಳುತ್ತದೆ.

ಆಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್. ‘ದುಡ್ಡು ಮಾಡಲು ಕರೆಯುತ್ತಾರೆ’ ಎಂಬ ಮಾತು ಕೇಳಿಬರುತ್ತದೆ, ಕಾರಣ ಬೇರೆ. ಆಳದ ಜೇಬಿನಿಂದ ಹೊರಹಾಕಿದ ಕೆಟ್ಟ ಬ್ಯಾಕ್ಟೀರಿಯಾ ಹಳೆಯ ಬಲಕ್ಕೆ ಮರಳಲು ಸುಮಾರು 9ರಿಂದ 12 ವಾರ ಸಾಕು. ಆ ಲೆಕ್ಕಕ್ಕೇ ಮೂರು ತಿಂಗಳು. ವಸಡು ಸ್ಥಿರವಾದರೆ ಅಂತರ ಹೆಚ್ಚಿಸುತ್ತಾರೆ.

ಪ್ರತಿ ಭೇಟಿಗೂ ಹಳೆಯ ಎಕ್ಸ್‌ರೇ, ಅಂಕಿಗಳ ಚೀಟಿ, ಬಳಸುವ ಸಂದಿಯ ಬ್ರಷ್ಷುಗಳು ಮತ್ತು ದಿನನಿತ್ಯದ ಮಾತ್ರೆಗಳ ಪಟ್ಟಿ ಒಯ್ಯಿರಿ. ಬಿ.ಪಿ.ಗೆ ಕೊಡುವ ಆಮ್ಲೊಡಿಪಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡನ್ನು ಬೆಳೆಸುತ್ತವೆ. ಮಾತ್ರೆ ಬದಲಿಸಬಹುದೇ ಎಂದು ದಂತವೈದ್ಯರು ನಿಮ್ಮ ವೈದ್ಯರಿಗೆ ಬರೆದುಕೊಡುತ್ತಾರೆ. ಸಕ್ಕರೆ ಕಾಯಿಲೆಯವರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ವರದಿಯನ್ನೂ ಜೊತೆಗಿಟ್ಟುಕೊಳ್ಳಿ: ಸಕ್ಕರೆ ಏರಿದರೆ ವಸಡು ಮಾಯುವುದಿಲ್ಲ, ವಸಡಿನ ಉರಿಯೂತ ಇಳಿದರೆ ಸಕ್ಕರೆಯೂ ಸ್ವಲ್ಪ ಇಳಿಯುವುದುಂಟು. ಎರಡೂ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆಯುತ್ತ ಹೋದರೆ ಎರಡೂ ವೈದ್ಯರಿಗೆ ಅನುಕೂಲ.